ಎಂಟು ಸಾವಿರದ ಫೋನೂ ಎಂಬತ್ತು ಸಾವಿರದ ಫೋನೂ

ಈಚೆಗೆ ಗೃಹಸ್ಥರು ನಾಲ್ವರು ಕೂಡಿದ ಕಡೆಯಲ್ಲೆಲ್ಲ ಒಂದು ಚರ್ಚೆ ಏಳುವುದುಂಟು. ಆಂಡ್ರಾಯ್ಡ್ ಫೋನು ಮೇಲೋ, ಆಪಲ್ ಸಂಸ್ಥೆಯ ಐಫೋನು ಮೇಲೋ ಎಂಬುದೇ ಆ ಚರ್ಚೆ. ಒಬ್ಬರು ಆಂಡ್ರಾಯ್ಡನ್ನು ಮೂರು ವರ್ಷ ಬಳಸಿ ಬೇಸತ್ತು ಐಫೋನನ್ನು ಕೊಂಡಿರುವರು. ಈಗ ಬೆರಳಿಟ್ಟರೆ ಸಾಕು, ಕೆಲಸ ನಡೆಯುವುದೆಂದು ಹೊಗಳುವರು. ಇನ್ನೊಬ್ಬರು ಅಷ್ಟು ಹಣ ಸುರಿಯುವುದು ಬರಿಯ ಡಂಭವೆಂದು ವಾದಿಸುವರು. ಇಬ್ಬರ ಮಾತೂ ಅನುಭವದಿಂದ ಬಂದುದೇ. ಆದರೂ ವಾದದ ಬುಡದಲ್ಲಿಯೇ ಒಂದು ದೋಷವಿರುವುದು. ಮೊದಲನೆಯವರು ಕೈಬಿಟ್ಟುದು ಎಂಟು ಸಾವಿರ ರೂಪಾಯಿನ ಯಂತ್ರ. ಕೈಗೆ ತೆಗೆದುಕೊಂಡುದು ಅರವತ್ತು ಸಾವಿರದ್ದು. ಜಟಕಾ ಬಂಡಿಯಿಂದ ಇಳಿದು ಮೋಟಾರನ್ನೇರಿ, ಮೋಟಾರು ನಡೆಸುವವನು ಜಟಕಾದವನಿಗಿಂತ ಬಲು ಜಾಣನೆಂದು ಹೊಗಳಿದಂತೆ ಇದು. ವೇಗದಲ್ಲಿ ಚಾಲಕನ ಪಾಲೆಷ್ಟು, ವಾಹನದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಿದ ಹೊರತು ತೀರ್ಪು ಹೇಳುವುದು ನ್ಯಾಯವಲ್ಲ.

ಇದು ಬರಿಯ ಹರಟೆಯ ವಿಷಯವಾಗಿದ್ದರೆ ಈ ಪುಟಗಳನ್ನು ಅದಕ್ಕಾಗಿ ವೆಚ್ಚಮಾಡಬೇಕಾಗಿರಲಿಲ್ಲ. ೨೦೧೬ರಲ್ಲಿ ಯು.ಪಿ.ಐ. ಪಾವತಿ ಬಳಕೆಗೆ ಬಂದಂದಿನಿಂದ ಫೋನೆಂಬುದು ಮನೆಯ ಹಣದ ಚೀಲವೂ ಆಗಿರುವುದು. ಸಂಬಳ, ನಿವೃತ್ತಿವೇತನ, ಹಾಲಿನವನ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ಎಲ್ಲವೂ ಅದರ ಮೂಲಕವೇ ಸಾಗುತ್ತಿರುವುವು. ಆದುದರಿಂದ ಯಾವ ಫೋನು ಯಾರ ಕೈಯಲ್ಲಿರಬೇಕೆಂಬುದು ಈಗ ಗೃಹಕೃತ್ಯದ ಪ್ರಶ್ನೆಯೇ ಆಗಿದೆ.

ಪಾರುಪತ್ಯಗಾರನ ಕೆಲಸ

ಮೊದಲು ಆಪರೇಟಿಂಗ್ ಸಿಸ್ಟಂ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಒಂದು ದೊಡ್ಡ ಛತ್ರವನ್ನು ಭಾವಿಸಿಕೊಳ್ಳಿರಿ. ಅಲ್ಲಿ ಕೊಠಡಿಗಳುಂಟು, ಅಡಿಗೆಯ ಮನೆಯುಂಟು, ಉಗ್ರಾಣವುಂಟು, ಬಂದುಹೋಗುವ ಜನರುಂಟು. ಯಾರಿಗೆ ಯಾವ ಕೊಠಡಿ, ಯಾರಿಗೆ ಮೊದಲ ಪಂಕ್ತಿ, ಉಗ್ರಾಣದ ಬೀಗದ ಕೈ ಯಾರ ಬಳಿ ಎಂಬುದನ್ನೆಲ್ಲ ನೋಡಿಕೊಳ್ಳುವವನು ಪಾರುಪತ್ಯಗಾರ. ಫೋನಿನಲ್ಲಿ ಛತ್ರವೆಂದರೆ ಯಂತ್ರಭಾಗಗಳು. ಬಂದುಹೋಗುವ ಜನರೆಂದರೆ ನಾವು ತೆರೆಯುವ ಆ್ಯಪುಗಳು. ಪಾರುಪತ್ಯಗಾರನೇ ಆಪರೇಟಿಂಗ್ ಸಿಸ್ಟಂ. ಅವನೆಷ್ಟು ದಕ್ಷನಾದರೂ ಎರಡು ಕೊಠಡಿಯ ಛತ್ರದಲ್ಲಿ ಇಪ್ಪತ್ತು ಸಂಸಾರಗಳನ್ನು ಇಳಿಸಲಾರನು.

ಇಂದು ಲೋಕದಲ್ಲಿ ಮುಖ್ಯವಾಗಿ ಉಳಿದಿರುವ ಪಾರುಪತ್ಯಗಾರರು ಇಬ್ಬರೇ. ಆಪಲ್ ಸಂಸ್ಥೆಯವರು ೨೦೦೭ರಲ್ಲಿ ಮೊದಲನೆಯ ಐಫೋನನ್ನು ಹೊರತಂದರು. ಅದನ್ನು ನಡೆಸುವ ಸಿಸ್ಟಮ್ಮಿಗೆ ೨೦೧೦ರಿಂದ ಐ.ಓ.ಎಸ್. ಎಂದು ಹೆಸರಾಯಿತು. ಆಂಡ್ರಾಯ್ಡ್ ಎಂಬುದು ೨೦೦೩ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಸಣ್ಣ ಸಂಸ್ಥೆ. ಗೂಗಲ್ ಅದನ್ನು ೨೦೦೫ರಲ್ಲಿ ಕೊಂಡಿತು. ಅದರ ಮೊದಲ ಫೋನು ೨೦೦೮ರಲ್ಲಿ ಮಾರಾಟಕ್ಕೆ ಬಂದಿತು. ಫಿನ್ಲೆಂಡ್ ದೇಶದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಲಿನಕ್ಸ್ ಎಂಬ ತಿರುಳಿನ ಮೇಲೆ ಆಂಡ್ರಾಯ್ಡನ್ನು ಕಟ್ಟಿರುವರು.

ಇವೆರಡರ ನಡತೆಯಲ್ಲಿ ಒಂದು ದೊಡ್ಡ ಭೇದವುಂಟು. ಆಪಲ್‌ನವರು ಯಂತ್ರವನ್ನೂ ಸಿಸ್ಟಮ್ಮನ್ನೂ ತಾವೇ ರೂಪಿಸುವರು, ಐ.ಓ.ಎಸ್. ಅನ್ನು ಬೇರೊಬ್ಬರ ಫೋನಿಗೆ ಕೊಡುವುದೇ ಇಲ್ಲ. ಆಂಡ್ರಾಯ್ಡಾದರೋ ಅನೇಕ ತಯಾರಕರಿಗೆ ದೊರೆಯುವುದು. ಅವರು ಅದನ್ನು ತಮ್ಮ ತಮ್ಮ ಯಂತ್ರಕ್ಕೆ ಒಪ್ಪುವಂತೆ ತಿದ್ದಿಕೊಂಡು, ಎಂಟು ಸಾವಿರದ ಫೋನಿಗೂ ಹಾಕುವರು, ಲಕ್ಷ ರೂಪಾಯಿನದಕ್ಕೂ ಹಾಕುವರು. ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಫೋನುಗಳು ಆಂಡ್ರಾಯ್ಡಿನವೇ ಆಗಿರುವುದಕ್ಕೆ ಇದೇ ಕಾರಣ. ಇತ್ತ ಆಪಲ್‌ನ ಅಗ್ಗದ ಫೋನೆನಿಸಿಕೊಂಡು ೨೦೨೫ರ ಫೆಬ್ರವರಿಯಲ್ಲಿ ಬಂದ ಐಫೋನ್ ೧೬ಇ ಎಂಬುದಕ್ಕೆ ನಮ್ಮ ದೇಶದಲ್ಲಿ ಇಟ್ಟ ಬೆಲೆ ೫೯,೯೦೦ ರೂಪಾಯಿ. ಆದಕಾರಣ ಹೊಸ ಯಂತ್ರಗಳಲ್ಲಿ ಅಗ್ಗದ ಐಫೋನೆಂಬುದೇ ಇಲ್ಲ. ಅಗ್ಗದ ಯಂತ್ರದಲ್ಲಿ ಐ.ಓ.ಎಸ್. ಹೇಗೆ ನಡೆದೀತೆಂಬುದನ್ನು ಯಾರೂ ಕಂಡಿಲ್ಲ. ಸರಿಯಾದ ಹೋಲಿಕೆ ಬೇಕೆಂದರೆ ಎಂಬತ್ತು ಸಾವಿರದ ಆಂಡ್ರಾಯ್ಡನ್ನು ಎಂಬತ್ತು ಸಾವಿರದ ಐಫೋನಿನ ಪಕ್ಕದಲ್ಲಿಡಬೇಕು. ಹಾಗಿಟ್ಟು ನೋಡಿದರೆ ನಿತ್ಯದ ಕೆಲಸಗಳಲ್ಲಿ ಹೆಚ್ಚಿನ ತಾರತಮ್ಯ ಕಾಣಬರುವುದಿಲ್ಲ. ನಿಜವಾದ ಕಂದಕವಿರುವುದು ಒಂದೇ ಹೆಸರಿನ ಸಿಸ್ಟಂ ಹೊತ್ತ ಎರಡು ಆಂಡ್ರಾಯ್ಡ್ ಫೋನುಗಳ ನಡುವೆ.

ಒಂದೇ ಸಿಸ್ಟಂ, ಎರಡು ನಡಿಗೆ

ಒಂದೇ ಆಂಡ್ರಾಯ್ಡ್ ಒಂದರಲ್ಲಿ ಓಡುವುದೇಕೆ, ಇನ್ನೊಂದರಲ್ಲಿ ಏದುವುದೇಕೆ? ಇದಕ್ಕೆ ನಾಲ್ಕು ಕಾರಣಗಳನ್ನು ಹೇಳಬಹುದು.

ಮೊದಲನೆಯದು ರ‍್ಯಾಮ್ ಎಂಬ ತಾತ್ಕಾಲಿಕ ಜ್ಞಾಪಕ. ಇದನ್ನು ಬರೆಯುವ ಮೇಜೆಂದು ತಿಳಿಯಬಹುದು. ಮೇಜು ವಿಶಾಲವಾಗಿದ್ದರೆ ಹತ್ತು ಪುಸ್ತಕಗಳನ್ನು ತೆರೆದಿಟ್ಟುಕೊಳ್ಳಬಹುದು; ಚಿಕ್ಕದಾದರೆ ಒಂದನ್ನು ಮುಚ್ಚಿ ಬೀರುವಿನಲ್ಲಿಟ್ಟು ಇನ್ನೊಂದನ್ನು ತೆಗೆಯಬೇಕು. ಎರಡು ಜಿ.ಬಿ. ರ‍್ಯಾಮ್ ಇರುವ ಫೋನಿನಲ್ಲಿ ಪತ್ರ ಬರೆಯುತ್ತಿದ್ದಾಗ ಕರೆ ಬಂದು, ಮಾತು ಮುಗಿಸಿ ಹಿಂದಿರುಗಿದರೆ ಬರೆದುದು ಮಾಯವಾಗಿರುವುದು ಇದರಿಂದಲೇ. ಈ ವಿಷಯದಲ್ಲಿ ಐ.ಓ.ಎಸ್. ಕೊಂಚ ಮಿತವ್ಯಯಿ. ಅದು ಬಳಕೆಯಲ್ಲಿಲ್ಲದ ಆ್ಯಪನ್ನು ಬೇಗನೆ ಸ್ತಬ್ಧಗೊಳಿಸುವುದು. ಆಂಡ್ರಾಯ್ಡಿನ ಆ್ಯಪುಗಳು ಬಳಸಿ ಬಿಟ್ಟ ಜಾಗವನ್ನು ಆಗಾಗ್ಗೆ ಗುಡಿಸಿ ತೆಗೆಯುವ ಏರ್ಪಾಡಿನಲ್ಲಿ ನಡೆಯುವುವು. ಆ ಏರ್ಪಾಡು ಸುಗಮವಾಗಿ ಸಾಗಬೇಕಾದರೆ ತುಸು ಹೆಚ್ಚು ಎಡೆ ಬೇಕು. ೨೦೧೫ರ ಐಫೋನ್ ೬ಎಸ್ ಎರಡೇ ಜಿ.ಬಿ. ರ‍್ಯಾಮ್‌ ಇಟ್ಟುಕೊಂಡು ೨೦೨೧ರ ಐ.ಓ.ಎಸ್. ೧೫ನ್ನು ಹೊತ್ತು ನಡೆದುದು ಇದಕ್ಕೆ ನಿದರ್ಶನ. ಇಷ್ಟು ಶ್ರೇಯಸ್ಸನ್ನು ಸಿಸ್ಟಮ್ಮಿಗೆ ಸಲ್ಲಿಸಲೇಬೇಕು.

ಎರಡನೆಯದು ಉಗ್ರಾಣ, ಎಂದರೆ ಚಿತ್ರಗಳನ್ನೂ ಆ್ಯಪುಗಳನ್ನೂ ಶಾಶ್ವತವಾಗಿ ಇಡುವ ಸ್ಥಳ. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇ.ಎಂ.ಎಂ.ಸಿ. ಎಂಬ ಜಾತಿಯದನ್ನೂ, ಮೇಲ್ದರ್ಜೆಯವುಗಳಲ್ಲಿ ಯು.ಎಫ್.ಎಸ್. ಎಂಬುದನ್ನೂ ಹಾಕುವರು. ಮೊದಲನೆಯದು ಓಣಿಯಂತೆ, ಒಂದು ಬಂಡಿ ಹೋಗುವಾಗ ಎದುರಿನದು ಕಾದಿರಬೇಕು. ಎರಡನೆಯದು ರಾಜಬೀದಿ, ಹೋಗುವ ಬಂಡಿಯೂ ಬರುವ ಬಂಡಿಯೂ ಒಮ್ಮೆಗೇ ಸಾಗಬಹುದು. ಉಗ್ರಾಣ ತುಂಬುತ್ತ ಬಂದಂತೆ ಫೋನು ಇನ್ನಷ್ಟು ಮಂದವಾಗುವುದು. ಅಂಗಡಿಯವನು ಜಿ.ಬಿ.ಗಳ ಸಂಖ್ಯೆಯನ್ನು ಹೇಳುವನೇ ಹೊರತು ಉಗ್ರಾಣದ ಜಾತಿಯನ್ನು ಹೇಳುವುದು ಅಪರೂಪ.

ಮೂರನೆಯದು ಪ್ರೊಸೆಸರ್. ಕಾರ್ಟೆಕ್ಸ್ ಎ೫೩ ಎಂಬ ಒಂದು ಮಾದರಿಯನ್ನು ಆರ್ಮ್ ಸಂಸ್ಥೆಯವರು ೨೦೧೨ರಲ್ಲಿ ಪ್ರಕಟಿಸಿದರು. ೨೦೨೧ರ ನವೆಂಬರಿನಲ್ಲಿ ೬,೪೯೯ ರೂಪಾಯಿಗೆ ಬಂದ ಜಿಯೋಫೋನ್ ನೆಕ್ಸ್ಟ್ ಎಂಬುದರಲ್ಲಿ ಇದ್ದುದು ಅದೇ ಮಾದರಿಯ ನಾಲ್ಕು ಗಾಲಿಗಳು. ಫೋನು ಹೊಸದು, ಪೆಟ್ಟಿಗೆ ಹೊಸದು; ಆದರೆ ಎಂಜಿನ್ನಿನ ವಿನ್ಯಾಸಕ್ಕೆ ಒಂಬತ್ತು ವರ್ಷ ವಯಸ್ಸಾಗಿದ್ದಿತು.

ನಾಲ್ಕನೆಯದು ಹೇಳುವುದಕ್ಕೆ ಕೊಂಚ ಕಹಿಯಾದುದು. ಅಗ್ಗದ ಫೋನಿನಲ್ಲಿ ತಯಾರಕರಿಗೆ ಯಂತ್ರದಿಂದ ದೊರೆಯುವ ಲಾಭ ಬಲು ಸ್ವಲ್ಪ. ಶವೋಮಿ ಸಂಸ್ಥೆಯವರು ೨೦೧೮ರಲ್ಲಿ ತಮ್ಮ ಯಂತ್ರಗಳ ಮೇಲಿನ ನಿವ್ವಳ ಲಾಭ ಶೇಕಡ ೫ನ್ನು ಮೀರಲಾರದೆಂದು ಬಹಿರಂಗವಾಗಿಯೇ ಸಾರಿದರು. ಹಾಗಾದರೆ ಉಳಿದ ಲಾಭವೆಲ್ಲಿಂದ? ಜಾಹೀರಾತುಗಳಿಂದ, ಮೊದಲೇ ತುಂಬಿ ಕಳುಹಿಸುವ ಆ್ಯಪುಗಳಿಂದ, ಮತ್ತಿತರ ಸೇವೆಗಳಿಂದ. ಕೊಂಡವನು ಕೇಳದ ಹತ್ತಾರು ಅತಿಥಿಗಳು ಆ ಚಿಕ್ಕ ಛತ್ರದಲ್ಲಿ ಮೊದಲೇ ಹಾಸಿಗೆ ಬಿಡಿಸಿಕೊಂಡಿರುವರು. ವಿಶಾಲವಾದ ಮನೆಯಲ್ಲಿ ಇಂಥವರಿದ್ದರೂ ನಡೆದೀತು. ಇಕ್ಕಟ್ಟಿನ ಮನೆಗೇ ಇವರ ಕಾಟ ಹೆಚ್ಚಾಗಿರುವುದು ವಿಪರ್ಯಾಸ. ಗೂಗಲ್ ತನ್ನ ಆ್ಯಪುಗಳನ್ನೆಲ್ಲ ಒಟ್ಟಿಗೆ ಹಾಕಿಕೊಳ್ಳಬೇಕೆಂದು ತಯಾರಕರನ್ನು ಕಟ್ಟುಪಾಡಿಗೆ ಒಳಪಡಿಸಿದ್ದುದೇ ಮೊದಲಾದ ಕಾರಣಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರಿನಲ್ಲಿ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿತು. ಮುಂದೆ ೨೦೨೩ರಲ್ಲಿ ಆ ಕಟ್ಟುಪಾಡುಗಳನ್ನು ಗೂಗಲ್ ನಮ್ಮ ದೇಶದಲ್ಲಿ ಸಡಿಲಿಸಬೇಕಾಯಿತು.

ಬಡವರ ಸಿಸ್ಟಮ್ಮಿಗಾಗಿ ನಡೆದ ಯತ್ನಗಳು

ಚಿಕ್ಕ ಛತ್ರಕ್ಕೆ ತಕ್ಕ ಪಾರುಪತ್ಯಗಾರನನ್ನೇ ಬೇರೆಯಾಗಿ ತಯಾರು ಮಾಡಬಾರದೆ ಎಂದು ವಾಚಕರು ಕೇಳಬಹುದು. ಆ ಯತ್ನಗಳು ನಡೆದಿಲ್ಲವೆಂದಲ್ಲ. ಅವುಗಳ ಮುಖ್ಯ ರಂಗಭೂಮಿ ಭಾರತವೇ ಆಗಿದ್ದಿತು.

೨೦೧೪ರ ಆಗಸ್ಟಿನಲ್ಲಿ ಇಂಟೆಕ್ಸ್ ಎಂಬ ನಮ್ಮ ದೇಶದ ಸಂಸ್ಥೆಯವರು ಫೈರ್‌ಫಾಕ್ಸ್ ಓ.ಎಸ್. ಹಾಕಿದ ಫೋನೊಂದನ್ನು ೧,೯೯೯ ರೂಪಾಯಿಗೆ ಮಾರಿದರು. ಅದರ ರ‍್ಯಾಮ್ ೧೨೮ ಎಂ.ಬಿ. ಮಾತ್ರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್‌ನವರು ಆಂಡ್ರಾಯ್ಡ್ ಒನ್ ಎಂಬ ಯೋಜನೆಯನ್ನು ದೆಹಲಿಯಲ್ಲಿ ಆರಂಭಿಸಿ, ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಎಂಬ ಮೂವರು ತಯಾರಕರ ಮೂಲಕ ೬,೩೯೯ ರೂಪಾಯಿನಿಂದ ಮೊದಲಾಗುವ ಫೋನುಗಳನ್ನು ತಂದರು. ಯಂತ್ರ ತಯಾರಕರದು, ಅಪ್‌ಡೇಟಿನ ಹೊಣೆ ಗೂಗಲ್‌ನದು ಎಂಬುದು ಅದರ ತತ್ತ್ವ. ೨೦೧೫ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನವರು ಟೈಜನ್ ಎಂಬ ತಮ್ಮದೇ ಸಿಸ್ಟಂ ಹಾಕಿದ ಜ಼ಡ್೧ ಎಂಬುದನ್ನು ೫,೭೦೦ ರೂಪಾಯಿಗೆ ತಂದರು. ಇವುಗಳಿಗೆ ಮುಂಚೆಯೇ, ೨೦೧೩ರಲ್ಲಿ ಬಂದ ನೋಕಿಯಾ ಲೂಮಿಯಾ ೫೨೦ ಎಂಬುದು ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಸಿಸ್ಟಮ್ಮಿನಿಂದ, ಬರಿಯ ೫೧೨ ಎಂ.ಬಿ. ರ‍್ಯಾಮ್‌ನಲ್ಲಿ, ಆ ಬೆಲೆಯ ಆಂಡ್ರಾಯ್ಡುಗಳಿಗಿಂತ ನಯವಾಗಿ ನಡೆಯುತ್ತಿದ್ದಿತು.

ಇವುಗಳ ಗತಿ ಏನಾಯಿತು? ಫೈರ್‌ಫಾಕ್ಸ್‌ನವರು ೨೦೧೫ರ ಡಿಸೆಂಬರಿನಲ್ಲಿ ಫೋನಿನ ವ್ಯಾಪಾರದಿಂದ ಕೈತೊಳೆದುಕೊಂಡರು. ಟೈಜನ್ ಫೋನನ್ನು ಬಿಟ್ಟು ಟೆಲಿವಿಷನ್ ಪೆಟ್ಟಿಗೆಗಳನ್ನು ಸೇರಿಕೊಂಡಿತು. ವಿಂಡೋಸ್ ಫೋನಿಗೆ ೨೦೨೦ರ ಜನವರಿಯಲ್ಲಿ ಕೊನೆಯ ಬೆಂಬಲವೂ ನಿಂತಿತು. ಇವು ಕೆಟ್ಟವೆಂದು ಸೋತುವಲ್ಲ. ಲೂಮಿಯಾದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸಿಕೊಡುವುದು. ಪಾರುಪತ್ಯಗಾರನು ಎಷ್ಟು ಚುರುಕಾದರೇನು, ಛತ್ರಕ್ಕೆ ಜನರೇ ಬಾರದಿದ್ದರೆ? ಆ್ಯಪು ಬರೆಯುವವರು ಬಳಸುವವರು ಹೆಚ್ಚಿರುವ ಕಡೆಗೆ ಹೋಗುವರು. ಬಳಸುವವರು ಆ್ಯಪುಗಳಿರುವ ಕಡೆಗೆ ಹೋಗುವರು. ಈ ಸುಳಿಯಲ್ಲಿ ಮೂರನೆಯವನಿಗೆ ಎಡೆಯಿಲ್ಲವಾಯಿತು. ಫೈರ್‌ಫಾಕ್ಸ್‌ನ ಬೇರಿನಿಂದ ಚಿಗುರಿದ ಕೈ ಓ.ಎಸ್. ಮಾತ್ರ ೨೦೧೭ರ ಜಿಯೋಫೋನಿನಲ್ಲಿ, ೧,೫೦೦ ರೂಪಾಯಿ ಠೇವಣಿಯ ಮೇಲೆ, ಕೋಟ್ಯಂತರ ಜನರ ಕೈಸೇರಿತು; ಅದು ಗುಂಡಿಗಳುಳ್ಳ ಫೋನು, ಅದರ ದಾರಿಯೇ ಬೇರೆ.

ಗೂಗಲ್‌ನವರು ೨೦೧೭ರಲ್ಲಿ ಮತ್ತೊಂದು ಉಪಾಯವನ್ನು ಹೂಡಿದರು. ಒಂದು ಜಿ.ಬಿ. ಅಥವಾ ಅದಕ್ಕೂ ಕಡಮೆ ರ‍್ಯಾಮ್ ಇರುವ ಫೋನುಗಳಿಗಾಗಿ ಆಂಡ್ರಾಯ್ಡನ್ನೇ ಹಗುರಗೊಳಿಸಿ ಗೋ ಎಂಬ ಆವೃತ್ತಿಯನ್ನು ತಂದರು. ಆ್ಯಪುಗಳಿಗೂ ಗೋ ರೂಪಗಳು ಬಂದುವು. ಯೋಜನೆ ಒಳ್ಳೆಯದೇ. ಆದರೆ ೨೦೨೨ರ ಆಂಡ್ರಾಯ್ಡ್ ೧೩ರ ಹೊತ್ತಿಗೆ ಆ ಹಗುರ ಆವೃತ್ತಿಗೂ ಎರಡು ಜಿ.ಬಿ. ಕನಿಷ್ಠವೆಂದು ನಿಯಮವಾಯಿತು. ಐದೇ ವರ್ಷಗಳಲ್ಲಿ ಬಡವರ ಸಿಸ್ಟಮ್ಮಿನ ಹಸಿವೂ ಇಮ್ಮಡಿಯಾಯಿತೆಂದಾಯಿತು. ಇದರಲ್ಲಿ ಗೃಹಸ್ಥನಿಗೊಂದು ಪಾಠವಿದೆ. ಇಂದಿಗೆ ಸಾಲುವಷ್ಟೇ ಶಕ್ತಿಯ ಫೋನನ್ನು ಕೊಂಡರೆ ಅದು ನಾಳೆಗೆ ಸಾಲುವುದಿಲ್ಲ.

ಬಾಗಿಲಿನ ಅಗುಳಿ

ವೇಗದ ಮಾತು ಹೀಗಾಯಿತು. ನಿಧಾನವಾದ ಫೋನನ್ನು ಸಹಿಸಬಹುದು. ನಮ್ಮ ಹಿರಿಯರು ಇದಕ್ಕಿಂತ ನಿಧಾನವಾದುವನ್ನು ಸಹಿಸಿದ್ದರು. ಸಹಿಸಲಾಗದುದು ಇನ್ನೊಂದುಂಟು, ಅದೇ ಭದ್ರತೆಯ ಕೊರತೆ.

ಲಕ್ಷಾಂತರ ಸಾಲುಗಳಲ್ಲಿ ಬರೆದ ಯಾವ ಸಿಸ್ಟಮ್ಮಿನಲ್ಲಿಯೂ ಬಿರುಕುಗಳಿದ್ದೇ ಇರುವುವು. ೨೦೧೫ರ ಜುಲೈನಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೊಡ್ಡ ಬಿರುಕೊಂದು ಬಯಲಾಯಿತು. ಚಿತ್ರಸಂದೇಶವೊಂದನ್ನು ಕಳುಹಿಸಿಯೇ ಫೋನಿನೊಳಕ್ಕೆ ನುಗ್ಗಬಹುದಾಗಿದ್ದಿತು. ಅಂದಿನಿಂದ ಗೂಗಲ್‌ನವರು ತಿಂಗಳಿಗೊಮ್ಮೆ ಬಿರುಕುಗಳ ಪಟ್ಟಿಯನ್ನೂ ಅವುಗಳಿಗೆ ತೇಪೆಯನ್ನೂ ಪ್ರಕಟಿಸುತ್ತಿರುವರು. ಪಟ್ಟಿ ಪ್ರಕಟವಾದೊಡನೆ ಕಳ್ಳರಿಗೂ ಬಿರುಕಿನ ಗುರುತು ಸಿಕ್ಕಿದಂತಾಯಿತು. ಆದುದರಿಂದ ತೇಪೆ ಬೇಗನೆ ಫೋನನ್ನು ತಲಪಬೇಕು.

ಇಲ್ಲಿಯೇ ಅಗ್ಗದ ಫೋನಿನ ದುರ್ಬಲತೆ ಪ್ರಕಟವಾಗುವುದು. ಆಪಲ್‌ನಲ್ಲಿ ತೇಪೆ ಹೊಲಿಯುವವರೂ ಅವರೇ, ಹಂಚುವವರೂ ಅವರೇ. ಒಂದೇ ದಿನದಲ್ಲಿ ಲೋಕದ ಎಲ್ಲ ಕಡೆಯ ಐಫೋನುಗಳಿಗೂ ಅದು ಲಭ್ಯವಾಗುವುದು. ಆಂಡ್ರಾಯ್ಡಿನಲ್ಲಿ ಅದು ಗೂಗಲ್‌ನಿಂದ ಹೊರಟು, ಚಿಪ್ಪು ಮಾಡುವವರನ್ನು ದಾಟಿ, ಫೋನು ಮಾಡುವವರ ಬಳಿಗೆ ಬಂದು, ಅವರು ತಮ್ಮ ಹತ್ತಾರು ಮಾದರಿಗಳಲ್ಲಿ ಪರೀಕ್ಷಿಸಿದ ಮೇಲೆ ನಮಗೆ ದೊರೆಯಬೇಕು. ಈ ದಾರಿಯನ್ನು ಕಿರಿದುಮಾಡಲೆಂದು ೨೦೧೭ರಲ್ಲಿಯೂ ೨೦೧೯ರಲ್ಲಿಯೂ ಗೂಗಲ್ ಸಿಸ್ಟಮ್ಮಿನ ಕಟ್ಟಡವನ್ನೇ ಮಾರ್ಪಡಿಸಿತು. ಈಗ ಕೆಲವು ಭಾಗಗಳು ನೇರವಾಗಿ ಪ್ಲೇ ಸ್ಟೋರಿನ ಮೂಲಕವೇ ತಿದ್ದುಪಡಿಯಾಗುವುವು. ಆದರೂ ಉಳಿದುದು ತಯಾರಕರ ಮನಸ್ಸಿನ ಮೇಲೆ ನಿಂತಿದೆ. ಒಮ್ಮೆ ಮಾರಿ ಸ್ವಲ್ಪವೇ ಲಾಭ ಕಂಡ ಫೋನಿಗೆ ವರ್ಷಗಟ್ಟಲೆ ತೇಪೆ ಹಚ್ಚುತ್ತ ಕೂರಲು ತಯಾರಕನಿಗೆ ಉತ್ಸಾಹವೆಲ್ಲಿ?

ಅಂತರವೆಷ್ಟೆಂಬುದನ್ನು ನೋಡಿರಿ. ೨೦೧೩ರಲ್ಲಿ ಬಂದ ಐಫೋನ್ ೫ಎಸ್‌ಗೆ ೨೦೨೩ರ ಜನವರಿಯಲ್ಲಿಯೂ ಒಂದು ಭದ್ರತೆಯ ತೇಪೆ ದೊರೆಯಿತು. ಆಂಡ್ರಾಯ್ಡಿನಲ್ಲಿ ೨೦೨೩ರ ಅಕ್ಟೋಬರಿನ ಪಿಕ್ಸೆಲ್ ೮ಕ್ಕೂ, ೨೦೨೪ರ ಜನವರಿಯ ಸ್ಯಾಮ್‌ಸಂಗ್ ಎಸ್೨೪ಕ್ಕೂ ಏಳೇಳು ವರ್ಷಗಳ ವಾಗ್ದಾನವಿದೆ. ಅಗ್ಗದ ಫೋನುಗಳಲ್ಲಿ ಎರಡು ಮೂರು ವರ್ಷಗಳಿಗೇ ತೇಪೆ ನಿಂತುಹೋಗುವುವು ಅನೇಕ. ಆದರೆ ನಿರಾಶರಾಗಬೇಕಾದುದಿಲ್ಲ. ೨೦೨೪ರಲ್ಲಿ ಇಪ್ಪತ್ತು ಸಾವಿರದೊಳಗಿನ ಬೆಲೆಗೆ ಬಂದ ಸ್ಯಾಮ್‌ಸಂಗ್ ಎ೧೬ ಎಂಬ ೫ಜಿ ಫೋನಿಗೆ ಆರು ವರ್ಷಗಳ ವಾಗ್ದಾನ ದೊರೆತಿದೆ. ಐರೋಪ್ಯ ಒಕ್ಕೂಟದಲ್ಲಿಯೂ ೨೦೨೫ರ ಜೂನ್ ೨೦ರಿಂದ ಹೊಸ ನಿಯಮಗಳು ಜಾರಿಗೆ ಬಂದು, ಮಾರಾಟ ನಿಂತಮೇಲೂ ಐದು ವರ್ಷಗಳ ಅವಧಿಗೆ ಅಪ್‌ಡೇಟಿನ ಹೊಣೆಯನ್ನು ತಯಾರಕರ ಮೇಲೆ ಹೊರಿಸಿರುವರು.

ಇನ್ನು ಲೆಕ್ಕಕ್ಕೆ ಬರೋಣ. ಎಂಬತ್ತು ಸಾವಿರದ ಫೋನನ್ನು ಏಳು ವರ್ಷ ಬಳಸಿದರೆ ವರ್ಷಕ್ಕೆ ಸುಮಾರು ೧೧,೪೩೦ ರೂಪಾಯಿ ಬೀಳುವುದು. ಎಂಟು ಸಾವಿರದ್ದು ಎರಡು ವರ್ಷ ಭದ್ರವಾಗಿದ್ದರೆ ವರ್ಷಕ್ಕೆ ೪,೦೦೦. ಹದಿನೆಂಟು ಸಾವಿರದ್ದನ್ನು ಆರು ವರ್ಷ ಬಳಸಿದರೆ ವರ್ಷಕ್ಕೆ ೩,೦೦೦. ದುಬಾರಿಯದೇ ಕೊನೆಗೆ ಅಗ್ಗವೆಂದು ವ್ಯಾಪಾರಿಗಳು ಹೇಳುವ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ತೀರ ಅಗ್ಗವೇ ಮಿತವ್ಯಯವೆಂಬ ಮಾತೂ ನಿಲ್ಲುವುದಿಲ್ಲ. ದೀರ್ಘಕಾಲದ ವಾಗ್ದಾನವುಳ್ಳ ನಡುಬೆಲೆಯ ಫೋನೇ ಸಾಮಾನ್ಯ ಸಂಸಾರಕ್ಕೆ ಹಿತವೆಂದು ತೋರುವುದು. ನಡುವೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಮಾತ್ರ ಸೇರಿಸಿಕೊಳ್ಳಬೇಕು. ಬ್ಯಾಟರಿ ಕುಗ್ಗಿದ ಹಳೆಯ ಐಫೋನುಗಳು ತಟ್ಟನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ಸಿಸ್ಟಮ್ಮೇ ತಗ್ಗಿಸುತ್ತಿದ್ದುದನ್ನು ಆಪಲ್‌ನವರು ೨೦೧೭ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಬ್ಯಾಟರಿ ಬದಲಿಸಿದರೆ ವೇಗ ಮರಳುತ್ತಿದ್ದಿತು. ನಿಧಾನವಾದ ಫೋನನ್ನೆಲ್ಲ ಸತ್ತಿತೆಂದು ತಿಳಿಯಲಾಗದು.

ಕನ್ನಡದ ಮಾತು

ಅಗ್ಗದ ಫೋನಿನ ಪರವಾಗಿಯೂ ಒಂದು ಮಾತನ್ನು ಹೇಳದೆ ಹೋದರೆ ಅನ್ಯಾಯವಾದೀತು. ಕನ್ನಡವೊಂದನ್ನೇ ಓದಬಲ್ಲ ನಮ್ಮ ತಾಯಂದಿರಿಗೆ ಫೋನಿನ ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿರಬೇಕು. ಆಂಡ್ರಾಯ್ಡ್ ೨೦೧೪ರ ಐದನೆಯ ಆವೃತ್ತಿಯಲ್ಲಿಯೇ ತನ್ನ ಸೂಚನೆಗಳನ್ನು ಕನ್ನಡಕ್ಕೆ ತಂದಿತು. ಐಫೋನಿನಲ್ಲಿ ಕನ್ನಡದ ಕೀಲಿಮಣೆ ಬಂದುದು ೨೦೧೭ರಲ್ಲಿ. ಅದರ ಸೂಚನೆಗಳೆಲ್ಲ ಕನ್ನಡದಲ್ಲಿ ದೊರೆತುದು ೨೦೨೫ರಲ್ಲಿ. ೨೦೧೭ರಲ್ಲಿಯೇ ಬೆಂಗಳೂರಿನ ಪೀಣ್ಯದಲ್ಲಿ ಐಫೋನುಗಳ ಜೋಡಣೆ ಮೊದಲಾಗಿದ್ದಿತು. ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ಕನ್ನಡಿಗರ ಕೈಗಳು ಜೋಡಿಸುತ್ತಿದ್ದ ಫೋನು ಕನ್ನಡದಲ್ಲಿ ಮಾತನಾಡುವುದನ್ನು ಕಲಿಯಲು ಇನ್ನೂ ಎಂಟು ವರ್ಷ ಹಿಡಿಯಿತು. ಬೆಲೆ ಕಡಮೆಯಾದುದು ಹಳ್ಳಿಯ ಮನೆಗಳಿಗೆ ಮೊದಲು ಹೋಯಿತು. ಹಳ್ಳಿಯ ಮಾತನ್ನು ಮೊದಲು ಕಲಿತುದೂ ಅದೇ.

ಯಾರ ಕೈಗೆ ಯಾವುದು?

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುವೆವು. ನಮ್ಮ ಮನೆಗಳಲ್ಲಿ ಫೋನುಗಳು ಇಳಿದುಬರುವ ಕ್ರಮವನ್ನು ವಾಚಕರು ಗಮನಿಸಿರಬಹುದು. ಮನೆಯ ಯಜಮಾನನೋ ಉದ್ಯೋಗದಲ್ಲಿರುವ ಮಗನೋ ಹೊಸ ಫೋನನ್ನು ಕೊಳ್ಳುವನು. ಅವನ ಹಳೆಯದು ಹೆಂಡತಿಗೆ ಬರುವುದು. ಅವಳದು ಅತ್ತೆಗೆ. ಅತ್ತೆ ಬಳಸುತ್ತಿದ್ದುದು ಪಾಠ ಕೇಳುವ ಮೊಮ್ಮಗಳಿಗೆ, ಇಲ್ಲವೆ ಕೆಲಸದವಳಿಗೆ. ಇದರಲ್ಲಿ ಯಾರಿಗೂ ದುರುದ್ದೇಶವಿಲ್ಲ. "ಅಮ್ಮನಿಗೆ ಕರೆ ಮಾಡುವುದಕ್ಕೆ ಇಷ್ಟು ಸಾಕು" ಎಂದು ಪ್ರೀತಿಯಿಂದಲೇ ಕೊಡುವೆವು.

ಆದರೆ ಪರಿಣಾಮವನ್ನು ಯೋಚಿಸಿರಿ. ತೇಪೆ ನಿಂತುಹೋದ ಫೋನು, ಮೋಸದ ಸಂದೇಶವನ್ನು ಗುರುತಿಸಲು ಎಲ್ಲರಿಗಿಂತ ಕಡಮೆ ಅಭ್ಯಾಸವಿರುವವರ ಕೈಯಲ್ಲಿ ಬಂದು ನಿಂತಿತು. ಆ ಕೈಯಲ್ಲಿಯೇ ನಿವೃತ್ತಿವೇತನದ ಖಾತೆಯೂ ಇರುವುದು. ಇತ್ತೀಚಿನ ಮೋಸಗಳ ರೀತಿಯೂ ಇದಕ್ಕೆ ತಕ್ಕಂತಿರುವುದು. ಮದುವೆಯ ಕರೆಯೋಲೆಯೆಂದೋ, ವಾಹನದ ದಂಡದ ಚೀಟಿಯೆಂದೋ ವಾಟ್ಸ್ಯಾಪಿನಲ್ಲಿ ಒಂದು ಕಡತವನ್ನು ಕಳುಹಿಸುವರು. ಅದು ನಿಜವಾಗಿ ಎ.ಪಿ.ಕೆ. ಎಂಬ ಆ್ಯಪು. ಮುಟ್ಟಿ ಅನುಮತಿಗಳನ್ನಿತ್ತರೆ ಬ್ಯಾಂಕಿನ ಗುಪ್ತಸಂಖ್ಯೆಗಳು ಕಳ್ಳನ ಕಡೆಗೆ ಹರಿಯುವುವು. ತೇಪೆಯಿದ್ದ ಮಾತ್ರಕ್ಕೆ ಇದು ಪೂರ್ತಿ ನಿಲ್ಲುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಎಚ್ಚರಿಕೆಗಳೂ ಅಡ್ಡಗಟ್ಟುಗಳೂ ಹೆಚ್ಚು, ಹಳೆಯವುಗಳಲ್ಲಿ ಕಡಮೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಮನೆಗೆ ಅನ್ವಯಿಸದಿರಲಿ.

ಆದಕಾರಣ ಗೃಹಸ್ಥರು ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸುವೆವು.

೧. ಮನೆಯ ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲಿಯೂ ಸೆಟ್ಟಿಂಗ್ಸ್ ತೆರೆದು, ಭದ್ರತಾ ಅಪ್‌ಡೇಟಿನ ತಾರೀಖನ್ನು ಓದಿಕೊಳ್ಳಿರಿ. ಅದು ಒಂದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸದು ಬಾರದೆ ಹೋದರೆ, ಆ ಫೋನಿನಿಂದ ಹಣದ ವ್ಯವಹಾರವನ್ನು ತೆಗೆದುಬಿಡಿರಿ. ಮಾತಿಗೂ ಸಂಗೀತಕ್ಕೂ ಅದು ಇರಲಿ.

೨. ಕೊಳ್ಳುವಾಗ ಅಂಗಡಿಯವನನ್ನು ಕ್ಯಾಮೆರಾದ ಸಂಖ್ಯೆಗಿಂತ ಮೊದಲು ಮೂರು ಪ್ರಶ್ನೆ ಕೇಳಿರಿ: ರ‍್ಯಾಮ್ ಎಷ್ಟು, ಉಗ್ರಾಣ ಯಾವ ಜಾತಿಯದು, ಭದ್ರತಾ ಅಪ್‌ಡೇಟು ಯಾವ ವರ್ಷದವರೆಗೆ? ಕೊನೆಯ ಪ್ರಶ್ನೆಗೆ ಉತ್ತರ ತಯಾರಕರ ಪ್ರಕಟಣೆಯಲ್ಲಿ ಬರೆವಣಿಗೆಯ ರೂಪದಲ್ಲಿರಬೇಕು, ಬಾಯಿಮಾತು ಸಾಲದು. ಮಾದರಿ ಎರಡು ವರ್ಷ ಹಳೆಯದಾಗಿದ್ದರೆ ಆ ವಾಗ್ದಾನದಲ್ಲಿ ಎರಡು ವರ್ಷ ಸವೆದುಹೋಗಿರುವುದೆಂಬುದನ್ನು ಮರೆಯಬಾರದು.

೩. ಅಗ್ಗದ ಫೋನನ್ನೇ ಕೊಳ್ಳಬೇಕಾದವರು ಹೊಸದಾಗಿ ತಂದ ದಿನವೇ ಬೇಡದ ಆ್ಯಪುಗಳನ್ನು ತೆಗೆಯಿರಿ, ತೆಗೆಯಲಾಗದುವನ್ನು ನಿಷ್ಕ್ರಿಯಗೊಳಿಸಿರಿ. ಉಗ್ರಾಣದಲ್ಲಿ ಕಾಲುಭಾಗವಾದರೂ ಸದಾ ಖಾಲಿಯಿರಲಿ. ಇಷ್ಟರಿಂದಲೇ ಮಂದಗತಿ ಎಷ್ಟೋ ನೀಗುವುದು.

೪. ಹೊರಗಿನಿಂದ ಬಂದ ಕಡತಗಳಿಂದ ಆ್ಯಪು ಸ್ಥಾಪಿಸುವ ಅನುಮತಿಯನ್ನು ವೃದ್ಧರ ಫೋನುಗಳಲ್ಲಿ ಮುಚ್ಚಿಡಿರಿ. ಏಕೆ ಮುಚ್ಚಿರುವೆವೆಂಬುದನ್ನು ಅವರಿಗೆ ಮರ್ಯಾದೆಯಿಂದ ತಿಳಿಸಿಹೇಳಿರಿ. ಮೋಸ ನಡೆದೇಹೋದರೆ ತಡಮಾಡದೆ ೧೯೩೦ ಎಂಬ ಸರಕಾರದ ಸಂಖ್ಯೆಗೆ ಕರೆಮಾಡಬೇಕು. ಮೊದಲ ಗಳಿಗೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವವುಂಟು. ನಾಚಿಕೆಯಿಂದ ಮುಚ್ಚಿಟ್ಟುಕೊಂಡವರೇ ಹೆಚ್ಚು ಕಳೆದುಕೊಳ್ಳುವರು. ಮನೆಯವರು ಗದರಿಸಿಯಾರೆಂಬ ಭಯವೇ ಆ ನಾಚಿಕೆಯ ಮೂಲ. ಆ ಭಯವನ್ನು ಹೋಗಲಾಡಿಸುವುದೂ ಭದ್ರತೆಯ ಒಂದು ಅಂಗ.

ಆಂಡ್ರಾಯ್ಡ್ ಮೇಲೋ ಐ.ಓ.ಎಸ್. ಮೇಲೋ ಎಂಬ ಮೊದಲ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಮೇಲ್ದರ್ಜೆಯ ಯಂತ್ರಗಳಲ್ಲಿ ಎರಡೂ ಸಮರ್ಥ, ಅಭ್ಯಾಸಕ್ಕೂ ಅಭಿರುಚಿಗೂ ಒಪ್ಪಿದುದನ್ನು ಆರಿಸಿಕೊಳ್ಳಬಹುದು. ಕೆಳದರ್ಜೆಯಲ್ಲಿ ಆಯ್ಕೆಯಿರುವುದು ಸಿಸ್ಟಮ್ಮುಗಳ ನಡುವೆ ಅಲ್ಲ, ಹೊಣೆಯರಿತ ತಯಾರಕನಿಗೂ ಹೊಣೆಗೆಟ್ಟವನಿಗೂ ನಡುವೆ. ಮುಂದಿನ ಸಲ ಮನೆಗೆ ಹೊಸ ಫೋನು ಬಂದಾಗ ಇಳಿಯುವ ಕ್ರಮವನ್ನು ಒಮ್ಮೆ ತಿರುಗಿಸಿ ನೋಡಬಹುದಲ್ಲವೆ? ಉದ್ಯೋಗದಲ್ಲಿರುವ ಮಗನು ಹಳೆಯ ಫೋನಿನ ತೊಡಕುಗಳನ್ನು ನಿಭಾಯಿಸಬಲ್ಲನು. ಸಂಶಯ ಬಂದರೆ ಕೇಳಲು ಅವನಿಗೆ ನಾಲ್ವರು ಸ್ನೇಹಿತರಿರುವರು. ಮಧ್ಯಾಹ್ನದ ಹೊತ್ತು ಒಬ್ಬರೇ ಮನೆಯಲ್ಲಿರುವ ತಾಯಿಗೆ ಹಾಗೆ ಕೇಳಲು ಯಾರೂ ಇಲ್ಲ. ಗಟ್ಟಿಯಾದ ಅಗುಳಿಯುಳ್ಳ ಫೋನು ಅವರ ಕೈಯಲ್ಲಿರುವುದೇ ಉಚಿತವೆಂದು ನಮಗೆ ತೋರುವುದು.